ಮುಳ್ಳು ತೋರಿಸುವ ನಲವತ್ತು

ಮಾರ್ಚ್ ೧೪, ಗುರುವಾರ

ಶಾಲಾ ವ್ಯಾನಿಗೆ, ಟೈರಿನ ಸುತ್ತು ಎಣಿಸಿ ಮೀಟರಿಗೆ ವೇಗ ಹೇಳುವ ಹೊಸ ಕಂಟ್ರೋಲ್ ಮಾಡ್ಯೂಲ್ ಕೂರಿಸಿ ಟೈರಿನ ಅಳತೆ ತುಂಬುವಾಗ, ಪಟ್ಟಿಯಲ್ಲಿ ಮೊದಲಿದ್ದ ಚಿಕ್ಕ ಟೈರನ್ನೇ ಒತ್ತಿಬಿಟ್ಟಿದ್ದೇನೆ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ವ್ಯಾನಿನ ಟೈರು ಅದಕ್ಕಿಂತ ದೊಡ್ಡದು. ಮೀಟರಿನಲ್ಲಿ ನಲವತ್ತು ಇದ್ದಾಗ ಗಾಡಿ ಐವತ್ತರ ಹತ್ತಿರ ಓಡುತ್ತಿರುತ್ತದೆ.

ಡ್ರೈವರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು.

"ಮಲಗಿದ್ದಾರಪ್ಪ, ಎಬ್ಬಿಸ್ಲಾ?"

"ಬೇಡ ಬಿಡಿ ಅಕ್ಕ, ಸುಮ್ನೆ ಮಾಡ್ದೆ" ಎಂದುಬಿಟ್ಟೆ. ಥೂ, ನನ್ನ ನಾಲಿಗೆಗೆ ಏನಾಗಿತ್ತು!

ಬೆಳಿಗ್ಗೆ ಏಳಕ್ಕೆ ಮೊದಲ ಟ್ರಿಪ್ಪು. ಅಷ್ಟರೊಳಗೆ ಹೋಗಿ ಗಾಡಿ ತಡೆಯಬೇಕು. ಬೇರೆ ಡ್ರೈವರಾಗಿದ್ದರೆ ಅಂದಾಜಿನ ಮೇಲೆ ಓಡಿಸಿಕೊಂಡಾನು. ಇವರು ಸಂಜೆ ಕೀ ತೆಗೆದುಕೊಳ್ಳುವಾಗಲೂ ಹೇಳಿದರು: "ಮಕ್ಕಳು ಕೂತಿದ್ರೆ ಮುಳ್ಳು ನಲವತ್ತು ದಾಟ್ಸಿದವನೇ ಅಲ್ಲ ಕಣಪ್ಪ ನಾನು."

ನಾಳೆಯೂ ದಾಟಿಸುವುದಿಲ್ಲ. ಪಾಪ, ಆ ಮುಳ್ಳಿನ ಮೇಲೆಯೇ ಕಣ್ಣಿಟ್ಟು…