ಎರಡು ನಿಮಿಷ ಉಳಿದಿದ್ದಾಗ ನೀವು ಆಡಿದ ಮಾತು

ಮನೋಳಿ,
ಅಕ್ಟೋಬರ್ ೨೦೦೦, ಗುರುವಾರ ಮಧ್ಯಾಹ್ನ

ಪಡಸಾಲೆಯ ಕುರ್ಚಿಯಲ್ಲಿರುವ ಮಾವನವರಿಗೆ, ಅಡುಗೆಮನೆಯ ಬಾಗಿಲಿನಿಂದ ಸೊಸೆಯ ನಮಸ್ಕಾರಗಳು.

ಒಂದೇ ಮನೆಯಲ್ಲಿದ್ದು ಮಾವನಿಗೆ ಪತ್ರ ಬರೆಯುವ ಸೊಸೆಯನ್ನು ಈ ಊರು ನೋಡಿರಲಿಕ್ಕಿಲ್ಲ. ಶನಿವಾರ ರಾಮದುರ್ಗದಿಂದ ಬಂದ ನಿಮ್ಮ ಮಗನಿಗೆ ಹೀಗೊಂದು ಪತ್ರ ಬರೆಯುವೆನೆಂದು ಹೇಳಿದಾಗ ಅವರು ಉಂಡ ಕೈ ತೊಳೆಯುವುದನ್ನೂ ಮರೆತು ನಕ್ಕರು. “ಅಪ್ಪ ಹತ್ತು ಮಾರು ದೂರ ಅದಾನ. ಸ್ಟ್ಯಾಂಪ್ ಹಚ್ಚಿ ಕಳಸತೀಯೇನ?” ಎಂದರು. ಅವರು ನಕ್ಕರೆ ನನಗೆ ಮೈಯೆಲ್ಲ ಹಗುರ, ಮಾವ. ಇದನ್ನು ನಿಮಗೆ ಬರೆಯಬಾರದು, ಗೊತ್ತು. ಮದುವೆಯಾಗಿ ಐದು ತಿಂಗಳಾದರೂ ಶನಿವಾರದ ಬಸ್ಸಿನ ಸಪ್ಪಳ ಕೇಳಿದರೆ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ. ಆದರೆ ಈ ವಾರ ಅವರ ನಗುವೂ ನನ್ನ ದಣಿವನ್ನು ಇಳಿಸಲಿಲ್ಲ. ಕಾಲು ಸೋತಿವೆ, ಮನಸ್ಸು ಅದಕ್ಕಿಂತ ಹೆಚ್ಚು ಸೋತಿದೆ. ಎಲ್ಲರೂ ಉಂಡು ಮಲಗಿದ್ದಾರೆ. ರೊಟ್ಟಿ ಬಡಿಯುವ ಕಲ್ಲನ್ನು ಸರಿಸಿ, ಅಲ್ಲೇ ಕುಳಿತು ಬರೆಯುತ್ತಿದ್ದೇನೆ. ಇಂಗ್ಲಿಷ್ ಸಾಲೆಯಲ್ಲಿ ಕಲಿತವಳ ಕನ್ನಡ. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯಿರಿ, ಆದರೆ ಪೂರ್ತಿ ಓದಿ.

ಸೊಸೆ ಮಾವನೆದುರು ಕೂರಬಾರದು, ಮಾವ ಸೊಸೆಯೊಡನೆ ನೇರ ಮಾತಾಡಬಾರದು. ಇದು ಈ ಮನೆಯ ಪದ್ಧತಿ. ಚಹಾ ಬೇಕಾದರೆ ನೀವು ಅತ್ತೆಗೆ ಹೇಳುತ್ತೀರಿ, “ಚಾ ಆಗೇತೇನ ಕೇಳು.” ನಾನು ಎರಡು ಹೆಜ್ಜೆ ಆಚೆ ಕಪ್ಪು ಹಿಡಿದೇ ನಿಂತಿರುತ್ತೇನೆ. ಅತ್ತೆ ನನ್ನತ್ತ ತಿರುಗಿ ಕೇಳುತ್ತಾರೆ. ನಾನು “ಆಗೇತ್ರಿ” ಎನ್ನುತ್ತೇನೆ. ಅವರು ನಿಮ್ಮತ್ತ ತಿರುಗಿ “ಆಗೇತಂತ” ಎನ್ನುತ್ತಾರೆ. ಹಾಕಿಯಲ್ಲಾಗಿದ್ದರೆ ಇಷ್ಟು ಪಾಸುಗಳಲ್ಲಿ ಒಂದು ಗೋಲೇ ಆಗಿಬಿಡುತ್ತಿತ್ತು. ಮೊದಮೊದಲು ಸೆರಗಿನೊಳಗೆ ನಗುತ್ತಿದ್ದೆ. ಆಮೇಲೆ ರೂಢಿಯಾಯಿತು.

ಆದರೂ ನೀವು ನನ್ನನ್ನು ಆರಿಸಿದ್ದು ಏಕೆಂದು ನನಗೆ ಗೊತ್ತಿದೆ. ಕನ್ಯೆ ನೋಡಲು ಬೈಲಹೊಂಗಲಕ್ಕೆ ಬಂದಾಗ ಉಳಿದವರೆಲ್ಲ ಹಾಡು, ಹೆಣಿಕೆ, ಅಡುಗೆ ಕೇಳಿದರು. ನೀವು ಗೋಡೆಯ ಮೇಲಿದ್ದ ನಮ್ಮ ವಿಶ್ವವಿದ್ಯಾಲಯದ ಹಾಕಿ ತಂಡದ ಫೋಟೋವನ್ನೇ ನೋಡುತ್ತ ಕುಳಿತಿದ್ದಿರಿ. ಏಳುವ ಹೊತ್ತಿಗೆ ನಮ್ಮಪ್ಪನಿಗೆ, “ಯಾವ ಜಾಗಾದಾಗ ಆಡತಿದ್ಲು ಕೇಳ್ರಿ” ಎಂದಿರಿ. ಲೆಫ್ಟ್ ಹಾಫ್ ಎಂದೆ. “ಅದು ಓಡೋ ಮಂದಿ ಜಾಗಾ” ಎಂದು ಕರವಸ್ತ್ರದಿಂದ ಮುಖ ಒರೆಸಿಕೊಂಡಿರಿ. ಮರುದಿನ ಒಪ್ಪಿಗೆ ಬಂತು. ನಮ್ಮವ್ವ ಇವತ್ತಿಗೂ ತನ್ನ ಮಾದಲಿಯ ರುಚಿಗೇ ಸಂಬಂಧ ಕುದುರಿತೆಂದು ತಿಳಿದಿದ್ದಾಳೆ. ಮೂವತ್ತು ವರ್ಷ ಡ್ರಿಲ್ ಮಾಸ್ತರರಾಗಿ, ಜಾಲಿಯ ಕೊಂಬೆ ಕಡಿದು ಸ್ಟಿಕ್ ಮಾಡಿ, ಗಿಲ್ಲಿದಾಂಡಿನಂಥ ಚಿಣಿಫಣಿ ಆಡುವ ಹುಡುಗರಿಗೆ ಹಾಕಿ ಕಲಿಸಿದವರ ಮನೆಗೆ ಹೋಗುತ್ತಿದ್ದೇನೆಂದು ನಾನು ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಸಿಡ್ನಿ ಒಲಿಂಪಿಕ್ಸ್ ಬಂತು. ಅರ್ಜೆಂಟೀನಾ ಪಂದ್ಯದ ದಿನ ನಾನು ಬಾಗಿಲಲ್ಲಿ ನಿಂತೇ ನೋಡಿದೆ, ನಮ್ಮವರು ಗೆದ್ದರು. ಆಸ್ಟ್ರೇಲಿಯಾದವರ ಊರಲ್ಲೇ ಅವರೊಡನೆ ಸಮ ಮಾಡಿಕೊಂಡಾಗಲೂ ಅಲ್ಲೇ ನಿಂತಿದ್ದೆ. ಬಸುರಿ ಅಕ್ಕನ ಕುಬಸಕ್ಕೆಂದು ಒಂದು ದಿನ ಬೈಲಹೊಂಗಲಕ್ಕೆ ಹೋದೆ, ಅಂದೇ ಕೊರಿಯಾ ಸೋಲಿಸಿತು. ಅಲ್ಲಿಗೆ ತೀರ್ಮಾನವಾಗಿಹೋಯಿತು. ಮರಳಿ ಬಂದ ನನ್ನನ್ನು ಅತ್ತೆ ಕೈಹಿಡಿದು ತಂದು ಅದೇ ಬಾಗಿಲಲ್ಲಿ ನಿಲ್ಲಿಸಿ, “ನಮ್ಮ ಸೊಸಿ ಕಾಲ್ಗುಣಾ ನೋಡ್ರಿ ಈಗ” ಎಂದು ನೆರೆದವರಿಗೆಲ್ಲ ಹೇಳಿದರು. ಸ್ಪೇನ್ ಸೋತಿತು. ನಿಮ್ಮ ಗೆಳೆಯರಾದ ನಿಜಗುಣಪ್ಪ ಕಾಕಾ ಅಂದು ನನಗೆ ಕೈಮುಗಿದರು. ಸುಳ್ಳೇಕೆ, ನನಗೂ ಸೊಗಸೆನಿಸಿತ್ತು. ಹನ್ನೊಂದು ಜನ ಅಲ್ಲಿ ಓಡುವುದು, ನಾನು ಇಲ್ಲಿ ನಿಲ್ಲುವುದು, ಎಲ್ಲರೂ ಸೇರಿ ಗೆಲ್ಲುವುದು.

ಪೋಲಂಡ್ ಪಂದ್ಯದ ದಿನ ಹೊಲದ ಆಳುಗಳಿಗೂ ಸೇರಿ ನಸುಕಿನಿಂದ ರೊಟ್ಟಿ ಬಡಿದಿದ್ದೆ. ಗೆದ್ದರೆ ಸೆಮಿಫೈನಲ್, ಸಮವಾದರೆ ಸಾಲದು. ಮನೆ ತುಂಬ ಜನ. ನಮ್ಮವರ ಗೋಲು ಬಿದ್ದಾಗ ಪಡಸಾಲೆಯ ತೊಲೆಗಳೇ ನಡುಗಿದವು. ಆಮೇಲೆ ಗಡಿಯಾರ ಓಡಲೊಲ್ಲದು. ನಾನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುತ್ತಿದ್ದೆ. ಇನ್ನು ಎರಡು ನಿಮಿಷ. ಎಲ್ಲರೂ ಕೂಗುತ್ತಿದ್ದಾಗ ನೀವು ಹಿಂದೆ ತಿರುಗಿ ನನ್ನನ್ನು ನೋಡಿದಿರಿ. ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದಿರಿ.

“ಕುಂದರವಾ. ಕಾಲ ನಡಗಾಕತ್ತಾವ ನಿನ್ನವು. ಮುಗೀತಿನ್ನ.”

ನಾನು ಕುಳಿತೆ. ಮಣೆ ಎಳೆದುಕೊಳ್ಳುವಷ್ಟೂ ಶಕ್ತಿಯಿರಲಿಲ್ಲ, ನೆಲದ ಮೇಲೇ ಕುಳಿತೆ. ಪೋಲಂಡ್‌ನವರು ಗೋಲು ಹೊಡೆದರು.

ಅತ್ತೆ ತಿರುಗಿ ನೋಡಿದಾಗ ನಾನು ನೆಲದ ಮೇಲಿದ್ದೆ. “ಯಾಕ ಕುಂತಿ? ಇಷ್ಟೊತ್ತ ನಿಂತಾಕಿಗೆ ಇನ್ನ ಎರಡ ನಿಮಿಷ ನಿಂದ್ರಾಕ ಆಗಲಿಲ್ಲ? ಯಾರ ಹೇಳಿದ್ರ ಕುಂದ್ರಂತ?” ಎಂದರು. ನಾನು ನಿಮ್ಮ ಬೆನ್ನನ್ನು ನೋಡಿದೆ. ನೀವು ಟಿವಿ ನೋಡುತ್ತಿದ್ದಿರಿ. ನಾನೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ಪಂದ್ಯ ಒಂದು-ಒಂದಕ್ಕೆ ಮುಗಿಯಿತು. ಬಂದವರು ಚಪ್ಪಲಿ ಹುಡುಕಿಕೊಂಡು ಹೋದರು. ಒಬ್ಬರೂ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ನೀರಿಗೆ ಹೋದಲ್ಲಿ, ಕಿರಾಣಿ ಅಂಗಡಿಯಲ್ಲಿ, ಅದೇ ಮಾತು. ಮಾಸ್ತರರ ಸೊಸೆ ಕುಂತಳಂತೆ, ಭಾರತ ಹೋಯಿತಂತೆ. ನಗುತ್ತಲೇ ಹೇಳುತ್ತಾರೆ. ಆದರೆ ಅತ್ತೆ ನಗುವುದಿಲ್ಲ. ಮೊನ್ನೆ ಎಮ್ಮೆ ಹಾಲು ಕಡಿಮೆ ಕೊಟ್ಟಾಗಲೂ ನನ್ನ ಪಾದದ ಕಡೆಗೇ ನೋಡಿದರು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನಿಮ್ಮ ಮೌನ. ಟಿವಿಯ ಮೇಲೆ ನನ್ನದೇ ಕಸೂತಿಯ ಬಟ್ಟೆ ಹೊದಿಸಿ ಬಿಟ್ಟಿರಿ. ಸವದತ್ತಿಯ ಹೆಣ್ಣುಮಕ್ಕಳ ಸಾಲೆಯ ಮಾತಂತೂ ನಿಂತೇ ಹೋಯಿತು.

ಆ ಸಾಲೆಯ ಮೇಲೆ ನಾನು ಎಷ್ಟು ಆಸೆ ಇಟ್ಟಿದ್ದೆನೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಹಳೆಯ ವಿದ್ಯಾರ್ಥಿನಿ ಅಲ್ಲಿಯ ಹೆಡ್ ಅಕ್ಕೋರಾಗಿದ್ದಾರೆ. ಡ್ರಿಲ್ ಕಲಿಸಲು, ಹುಡುಗಿಯರ ಹಾಕಿ ತಂಡ ಕಟ್ಟಲು ನನ್ನನ್ನು ಕರೆದರು. “ಸರ್ ಹೂಂ ಅಂದ್ರ ಸಾಕು, ದಸರಾ ಸೂಟಿ ಮುಗದ ಕೂಡ್ಲೆ ಬಾ” ಎಂದು ಹೇಳಿ ಕಳಿಸಿದ್ದರು. ಸೂಟಿಯೊಳಗೆ ಉತ್ತರ ಬರದಿದ್ದರೆ ಬೇರೆಯವರನ್ನು ನೋಡುತ್ತಾರೆ. ಸ್ಪೇನ್ ಸೋತ ದಿನ ನೀವು ಅತ್ತೆಗೆ “ಕಳಸೋಣಂತ” ಎಂದದ್ದನ್ನು ಒಲೆಯ ಮುಂದೆ ಕುಳಿತು ಕೇಳಿಸಿಕೊಂಡಿದ್ದೆ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ. ಪೋಲಂಡ್ ಆದ ಮೇಲೆ ಎರಡು ಸಲ ಅತ್ತೆಯ ಮೂಲಕ ಕೇಳಿಸಿದೆ. ಎರಡು ಸಲವೂ ನೀವು ಎದ್ದು ಹೊಳೆಯ ಕಡೆಗೆ ಹೋದಿರಿ. ಮಾವ ಮುನಿದಿದ್ದಾರೆ, ನನ್ನ ಕಾಲ್ಗುಣವನ್ನು ಅವರೂ ನಂಬಿದರು ಎಂದುಕೊಂಡೆ. ಈ ಮನೆಯಲ್ಲಿ ನನಗೆ ಆಟ ಮುಗಿಯಿತು ಎಂದುಕೊಂಡೆ.

ಕಳೆದ ಶುಕ್ರವಾರ ಸಂಜೆ ಕಟ್ಟೆಯ ಮೇಲೆ ನೀವು ನಿಜಗುಣಪ್ಪ ಕಾಕಾ ಜೊತೆ ಆಡಿದ ಮಾತು ಕಿಟಕಿಯೊಳಗಿಂದ ಕೇಳಿಸಿತು. ಕದ್ದು ಕೇಳಿದ್ದೇನೆ, ಕ್ಷಮೆ ಇರಲಿ.

“ಲಗ್ನಾಗಿ ಬಂದಾಗಿಂದ ಆ ಹುಡಿಗಿ ಜೋಡಿ ಒಂದ ಮಾತಾಡೇನಿ, ನಿಜಗುಣಪ್ಪ. ಕುಂದ್ರು ಅಂದ್ನಿ. ಅದ ಮಾತು ಎಲ್ಲಾ ಮುಳುಗಿಸ್ತು, ಮ್ಯಾಲ ಆಕಿ ಹೆಸರೂ ಕೆಡಿಸ್ತು. ಈಗ ಸಾಲಿಗೆ ಹೋಗು ಅಂತ ಬಾಯಿ ತಗದ್ರ ಅಲ್ಲಿ ಆಕಿಗೆ ಏನರ ಆದೀತು. ನನ್ನ ಬಾಯಿ ಚಲೋ ಇಲ್ಲ.”

“ಹಂಗಾದ್ರ ಪೋಲಂಡದವ್ರು ಹನ್ನೆರಡ ಮಂದಿ ಆಡಿದಂಗಾತು, ನಿನ್ನ ಬಾಯಿನೂ ಹಿಡದು” ಎಂದರು ಕಾಕಾ. ನೀವು ನಗಲಿಲ್ಲ.

ಮಾವ, ಮೂರು ದಿನ ನಾನು ನನ್ನ ಕಾಲನ್ನು ಬೈದುಕೊಂಡೆ, ನೀವು ನಿಮ್ಮ ಬಾಯಿಯನ್ನು ಬೈದುಕೊಂಡಿರಿ. ಒಂದೇ ಸೂರಿನ ಕೆಳಗೆ ಇಬ್ಬರೂ ಹೀಗೆ ಒಣಗಿದೆವು. ನೀವು ಮಾಸ್ತರರು, ನಾನು ಆಡಿದವಳು. ಆ ಕೊನೆಯ ಹೊತ್ತಿನಲ್ಲಿ ಏನಾಯಿತೆಂದು ನಮಗಿಬ್ಬರಿಗೂ ಕಾಣಲಿಲ್ಲವೇ? ನನಗೆ ಕಂಡದ್ದನ್ನು ಹೇಳುತ್ತೇನೆ. ಒಂದು ಗೋಲು ಸಾಕೆಂದು ನಮ್ಮವರು ಹಿಂದೆ ಸರಿದು ನಿಂತರು. ಚೆಂಡನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಸುಮ್ಮನೆ ದೂರ ದೂರ ಹೊಡೆದರು, ಅದು ಮತ್ತೆ ಮತ್ತೆ ಎದುರಾಳಿಯ ಸ್ಟಿಕ್ಕಿಗೇ ಹೋಯಿತು. ದಣಿದವರು ಮಾಡುವ ತಪ್ಪು ಅದು. ನಾನೂ ಬೆಳಗಾವಿಯ ಮೈದಾನದಲ್ಲಿ ಹಾಗೆ ಮಾಡಿ ಒಂದು ಫೈನಲ್ ಕಳೆದಿದ್ದೇನೆ. ಅಂದು ಯಾರ ಸೊಸೆಯೂ ಎಲ್ಲಿಯೂ ಕುಳಿತಿರಲಿಲ್ಲ.

ಇನ್ನೊಂದು ಮಾತು. ಆ ಗಳಿಗೆಯನ್ನು ಊರೆಲ್ಲ ಶಪಿಸುತ್ತದೆ, ನೀವೂ ಶಪಿಸುತ್ತೀರಿ. ನನಗೆ ಶಪಿಸಲು ಆಗುತ್ತಿಲ್ಲ. ದೇಶವೇ ಆ ಪರದೆಯನ್ನು ನೋಡುತ್ತಿದ್ದಾಗ ನೀವೊಬ್ಬರು ನನ್ನ ಕಾಲು ನಡುಗುವುದನ್ನು ನೋಡಿದಿರಿ. ಈ ಮನೆಗೆ ಬಂದ ಮೇಲೆ ನನಗೆ ಯಾರೂ ಕೂತುಕೋ ಎಂದಿರಲಿಲ್ಲ. ನಿಮ್ಮ ಮಗ ಎಂದಾರು, ಪಾಪ, ಅವರು ಶನಿವಾರವಷ್ಟೇ ಇರುತ್ತಾರೆ.

ಈಗ ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ಹೆಡ್ ಅಕ್ಕೋರಿಗೆ ‘ಬರುತ್ತೇನೆ’ ಎಂದು ಕಾರ್ಡು ಬರೆದು ನಿನ್ನೆ ಅಂಚೆಪೆಟ್ಟಿಗೆಗೆ ಹಾಕಿದ್ದೇನೆ. ನಿಮ್ಮ ಹೂಂಗಾಗಿ ಕಾಯಲಿಲ್ಲ. ಅತ್ತೆಗೂ ಇಂದು ಬೆಳಿಗ್ಗೆ ಹೇಳಿದೆ. ಪಾತ್ರೆ ಸದ್ದು ಮಾಡಿ ಇಟ್ಟರು, ಬೇಡವೆನ್ನಲಿಲ್ಲ. ಕುಳಿತದ್ದು ಯಾರ ಮಾತಿಗೆಂದು ಅವರಿಗೆ ನಾನು ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳುವುದು ಬಿಡುವುದು ನಿಮ್ಮದು. ಸವದತ್ತಿಯಲ್ಲಿ ನನಗೆ ಒಳ್ಳೆಯದಾದರೂ ಕೆಟ್ಟದ್ದಾದರೂ ಅದು ನಾನೇ ಬರೆದ ಕಾರ್ಡಿನಿಂದ ಆದದ್ದು. ನಿಮ್ಮ ಬಾಯಿಗೆ ಅದರ ಹೊಣೆ ಹತ್ತುವುದಿಲ್ಲ. ಇನ್ನು ಹೆದರದೆ ಮಾತಾಡಿ, ಮಾವ.

ಸಾಲೆ ತೆರೆಯುವ ದಿನ ಬಸ್ಸಿಗೆ ಹೋಗುವ ಮೊದಲು ನಿಮ್ಮ ಪಾದ ಮುಟ್ಟಲು ಬರುತ್ತೇನೆ. ಹರಸುವಿರೋ, ಬೈಯುವಿರೋ, ಹುಡುಗಿಯರಿಗೆ ಮೊದಲು ಏನು ಕಲಿಸಬೇಕೆಂದು ಹೇಳುವಿರೋ, ನಿಮಗೆ ಬಿಟ್ಟದ್ದು. ಏನೇ ಇರಲಿ, ನನಗೇ ಹೇಳಿ. ನಿಮ್ಮ ಕಣ್ಣು ಚೆನ್ನಾಗಿರಲಿ, ನಿಮ್ಮ ಮಾತು ನೂರು ವರ್ಷ ಈ ಮನೆಯಲ್ಲಿ ಕೇಳಿಸುತ್ತಿರಲಿ.

ನಿಮ್ಮ ಸೊಸೆ,
ಅನ್ನಪೂರ್ಣಾ