ಮೋಟಾರು ಹಾಕಿಸಿದ ಮೇಲೆ

ಅಕ್ಕಾ,

ಚಿತ್ರ ಒತ್ತುವ ನಮ್ಮ ಯಂತ್ರಕ್ಕೆ ಇವತ್ತು ಮೋಟಾರು ಹಾಕಿಸಿದೆವು. ಓದಲು ನೀವಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇದ್ದಿದ್ದರೆ ಮಸಿ ಒರೆಸುವ ಬಟ್ಟೆಯನ್ನು ನನ್ನ ಮುಖಕ್ಕೇ ಎಸೆಯುತ್ತಿದ್ದಿರಿ.

ಊರಿನ ಚಿತ್ರಕಾರರೆಲ್ಲ ಒಂದು ಕಡೆ ಸೇರಲೆಂದೇ ನೀವು ಹುಡುಕಿ ತಂದ ಯಂತ್ರ ಅದು. ಅದರ ಚಕ್ರ ತಿರುಗಿಸಲು ಇಬ್ಬರು ಬೇಕೇ ಬೇಕು. "ಒಬ್ಬರ ಕೈಲಿ ಆಗಬಾರದು ಕಣ್ರೋ, ಆಗ ತಾನೇ ಇನ್ನೊಬ್ಬರನ್ನ ಕರೀತೀರ" ಅನ್ನುತ್ತಿದ್ದಿರಿ. ಹಾಗೆ ಕರೆಯುತ್ತ ಕರೆಯುತ್ತಲೇ ನಮ್ಮ ಕೂಟ ಬೆಳೆಯಿತು. ಒಬ್ಬರ ಮುಖ ಒಬ್ಬರು ನೋಡದವರೂ ಸೇರಿ ಚಕ್ರ ಎಳೆದು, ಟೀ ಕುಡಿದು, ಆಮೇಲೆ ಜಗಳ ಮುಂದುವರಿಸುತ್ತಿದ್ದರು.

ನೀವು ಹೋದ ಮೇಲೆ ಕರೆದರೆ ಯಾರಿಗೂ ಪುರುಸೊತ್ತಿಲ್ಲ. ಮೋಟಾರಿನ ಮಾತೆತ್ತಿದ್ದು ಚಿತ್ರಗಳಿಗೆ ಕಟ್ಟು ಹಾಕುವ ನಮ್ಮ ಬಡಗಿ. ಸಭೆಯಲ್ಲಿ ಬೇಡ ಎಂದವರು ಒಬ್ಬರೂ ಇರಲಿಲ್ಲ. ಇವತ್ತು ಅವನೇ ಸ್ವಿಚ್ಚು ತೋರಿಸಿ, "ಇನ್ಮೇಲೆ ಯಾರೂ ಯಾರಿಗೂ ಕಾಯೋ ಹಾಗಿಲ್ಲ. ಬಂದ್ರಾ, ಒತ್ಕೊಂಡ್ರಾ, ಹೋಗ್ತಾ ಇರಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಗೆ ಯಾರೂ ನಿಲ್ಲಲಿಲ್ಲ.

ನಾನೊಬ್ಬನೇ ದೊಡ್ಡ ಹಾಳೆ ಇಟ್ಟು ಸ್ವಿಚ್ಚು ಒತ್ತಿದೆ. ಚಿತ್ರ ಬಹಳ ಚೆನ್ನಾಗಿ ಬಂತು, ಅಕ್ಕಾ. ನಮ್ಮ ಕೈಯಲ್ಲಿ ಮಸಿ ಎಂದೂ ಅಷ್ಟು ಸಮನಾಗಿ ಕೂತಿರಲಿಲ್ಲ. ಒದ್ದೆ ಹಾಳೆಯ ಎರಡು ಮೂಲೆ ಹಿಡಿದೆತ್ತಿ, ಅಭ್ಯಾಸಬಲದಿಂದ "ಆ ಕಡೆ ಹಿಡ್ಕೊಳ್ಳಿ" ಎಂದೆ.

ಆ ಕಡೆ ಜೋತುಬಿದ್ದು ಚಿತ್ರವೆಲ್ಲ ನೆಲಕ್ಕೆ ಮೆತ್ತಿಕೊಂಡಿತು. ಒರೆಸಬೇಕು. ಆ ಬಟ್ಟೆ ಎಲ್ಲಿಡುತ್ತಿದ್ದಿರಿ, ಅಕ್ಕಾ?