ಮೂವತ್ತೊಂದನೆಯ ಸಾಲಿನ ಬರಗು

ತೈಯುವಾನ್
ಜನವರಿ ೮, ಮಧ್ಯಾಹ್ನ

ಪ್ರೀತಿಯ ಲಾವೊ ಫಾನ್‌ಗೆ,

ನಿಮ್ಮ ಎಡ ಮಂಡಿ ಈಗ ಹೇಗಿದೆ? ಹೈನಾನಿನ ಬಿಸಿಲಿಗೆ ನೋವು ಅರ್ಧ ಇಳಿದಿದೆ ಎಂದು ಕಳೆದ ವಾರ ಹೇಳಿದ್ದಿರಿ. ಉಳಿದ ಅರ್ಧದ ಬಗ್ಗೆ ಏನೂ ಹೇಳಲಿಲ್ಲ. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಡಿ, ಒಂದು ಮಣೆ ಇಟ್ಟುಕೊಳ್ಳಿ. ಇಲ್ಲಿ ಅತ್ತೆ, ನಾನು ಇಬ್ಬರೂ ಚೆನ್ನಾಗಿದ್ದೇವೆ. ನಿನ್ನೆ ಲಾಬಾ ಹಬ್ಬದ ಗಂಜಿ ಮಾಡಿದೆವು. ಮಾಡಿದ್ದು ನಾನು, ಮಾಡಿಸಿದ್ದು ಅತ್ತೆ. ಎಂಬತ್ತನಾಲ್ಕರ ವಯಸ್ಸಿನಲ್ಲೂ ಒಲೆಯ ಪಕ್ಕ ನಿಂತು "ಕೈಯಾಡಿಸ್ತಾ ಇರು, ತಳ ಹಿಡಿಯುತ್ತೆ" ಎಂದು ಒಂದು ಗಂಟೆ ನನ್ನನ್ನು ಅಲ್ಲಾಡಲು ಬಿಡಲಿಲ್ಲ. ಪ್ರತಿ ವರ್ಷದಂತೆ ಬೆಳ್ಳುಳ್ಳಿ ಸುಲಿದು ವಿನೆಗರಿನಲ್ಲಿ ಹಾಕಿಟ್ಟಿದ್ದೇವೆ. ಒಂದು ಶೀಶೆಯನ್ನು ಅಲ್ಲಿಗೆ ಬರುತ್ತಿರುವ ನಮ್ಮ ವಿಭಾಗದ ಸುಚಿನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಎಸಳುಗಳು ಇನ್ನೂ ಬಿಳಿ ಇವೆ, ಹಸಿರಾಗಲು ಹದಿನೈದು ಇಪ್ಪತ್ತು ದಿನ ಬೇಕು. ನಾನು ಹೇಳುವವರೆಗೆ ಮುಚ್ಚಳ ತೆಗೆಯಬೇಡಿ.

ಫೋನು ಇರುವಾಗ ಪತ್ರ ಯಾಕೆ ಎಂದು ನೀವು ಕೇಳಬಹುದು. ಮೊನ್ನೆ ಫೋನು ಮಾಡಿ "ಹನ್ನೆರಡನೇ ತಾರೀಖು ಸಾಲು ಕೀಳೋದು ಬೇಡ, ನಿಲ್ಲಿಸಿ" ಎಂದೆನಲ್ಲ, ಆಗ ನೀವು ಎಂದಿನಂತೆ ಸ್ಪೀಕರ್ ಹಾಕಿಕೊಂಡಿದ್ದಿರಿ. ನಿಮ್ಮ ಕೋಣೆಯಲ್ಲಿರುವ ಜೋಳದ ತಳಿಯವರು, ಹತ್ತಿಯ ತಳಿಯವರು ಎಲ್ಲರೂ ಒಟ್ಟಿಗೆ ನಕ್ಕರು. "ಅತ್ತಿಗೆಯ ಆರ್ಡರ್ ಬಂತು, ಫಾನಣ್ಣ, ಕುಡುಗೋಲು ಕೆಳಗಿಡು" ಎಂದು ಯಾರೋ ಹೇಳಿದ್ದು ನನಗೂ ಕೇಳಿಸಿತು. ಅಷ್ಟು ಜನರ ಮುಂದೆ ಹೇಳುವ ವಿಷಯ ಅದಾಗಿರಲಿಲ್ಲ. ನಾನು ಒಂದು ತಪ್ಪು ಮಾಡಿದ್ದೇನೆ. ನಿಮ್ಮ ಕೊನೆಯ ಹೈನಾನ್ ಬೆಳೆ ಅದರ ಮೇಲೆ ನಿಂತುಬಿಟ್ಟಿತ್ತು. ಸುಚಿನ್ ರೈಲು ಹನ್ನೊಂದರಂದು ತಲುಪುತ್ತದೆ. ಪತ್ರ ಓದಿಕೊಂಡು ಹನ್ನೆರಡರಂದು ಏನು ಮಾಡಬೇಕೋ ನೀವೇ ತೀರ್ಮಾನಿಸಿ.

ಮೊದಲಿನಿಂದ ಹೇಳುತ್ತೇನೆ. ಬರಗಿನ ವಂಶವಾಹಿಗಳನ್ನೆಲ್ಲ ನಮ್ಮ ಸಂಸ್ಥೆಯವರು ಹೊಸದಾಗಿ ಓದಿ ಮುಗಿಸಿದ್ದು ನಿಮಗೆ ಗೊತ್ತು. ಅರವತ್ತು ಸಾವಿರದಷ್ಟಿವೆ. ಓದಿದ ಮಾತ್ರಕ್ಕೆ ಯಾವುದು ಏನು ಕೆಲಸ ಮಾಡುತ್ತದೆ ಎಂದು ತಿಳಿಯುವುದಿಲ್ಲ. ಭತ್ತದಲ್ಲೋ ನವಣೆಯಲ್ಲೋ ಅದರಂತೆ ಕಾಣುವ ಇನ್ನೊಂದನ್ನು ಕಂಪ್ಯೂಟರ್ ಹುಡುಕುತ್ತದೆ, ಅದರ ಕೆಲಸವನ್ನೇ ಇದಕ್ಕೂ ಹಚ್ಚುತ್ತದೆ. ನಿಮ್ಮೂರಿನಲ್ಲಿ ಮಗುವಿನ ಮೂಗು ನೋಡಿ "ಇವನು ಬಡಗಿ ಮನೆಯವನು, ಇವನೂ ಉಳಿ ಹಿಡಿಯೋನೇ" ಎನ್ನುತ್ತಾರಲ್ಲ, ಹಾಗೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ಸರಿಯೋ ಅಲ್ಲವೋ ಎಂದು ಒಂದೊಂದಾಗಿ ನೋಡುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ನಿಮಗೆ ಬೇಕಿದ್ದದ್ದು ಕಾಳು ಉದುರದ ಬರಗು. ತೆನೆಯ ತುದಿ ಹಣ್ಣಾದಾಗ ಬುಡ ಹಸಿರು, ಬುಡ ಹಣ್ಣಾಗುವಷ್ಟರಲ್ಲಿ ತುದಿಯ ಕಾಳು ನೆಲದ ಪಾಲು ಎಂದು ನೀವು ಬೈದುಕೊಳ್ಳುವುದನ್ನು ಮದುವೆಯಾದ ಇಪ್ಪತ್ತೆಂಟು ವರ್ಷವೂ ಕೇಳಿದ್ದೇನೆ. ಮಾರ್ಚಿಗೆ ನಿವೃತ್ತಿ, ಅಷ್ಟರೊಳಗೆ ಒಂದಾದರೂ ಗಟ್ಟಿ ತಳಿಯನ್ನು ಊರಿಗೆ ಕೊಟ್ಟು ಹೋಗಬೇಕೆಂದು ಇಲ್ಲಿ ನೆಲ ಹೆಪ್ಪುಗಟ್ಟುವ ನವೆಂಬರಿನಲ್ಲಿ ಅಲ್ಲಿಯ ಬೆಚ್ಚನೆಯ ಹೊಲದಲ್ಲಿ ನಲವತ್ತು ಸಾಲು ಬಿತ್ತಿದಿರಿ. ಹಕ್ಕಿಗೆ ಹಾಕುವ ಬಲೆ ಮಾತ್ರ ಹದಿನಾಲ್ಕು ಸಾಲಿಗೆ ಸಾಲುವಷ್ಟೇ ಇತ್ತು. ಆಗ ನಾನೇ ಮುಂದೆ ಬಂದು, ಕಾಳು ಉದುರಿಸುವ ವಂಶವಾಹಿ ಇದೇ, ಕಂಪ್ಯೂಟರ್ ನೂರಕ್ಕೆ ತೊಂಬತ್ತನಾಲ್ಕು ಖಚಿತ ಎನ್ನುತ್ತಿದೆ, ನಾಲ್ಕು ಕಡೆಯ ದಾಖಲೆ ಒಂದೇ ಉತ್ತರ ಕೊಡುತ್ತಿದೆ, ಎಲೆ ಕಳಿಸಿ, ಆ ವಂಶವಾಹಿ ಕೆಟ್ಟು ಕೆಲಸ ನಿಂತಿರುವ ಗಿಡಗಳನ್ನು ಆರಿಸಿ ಕೊಡುತ್ತೇವೆ ಎಂದೆ. ಎಲೆ ಬಂತು, ಪರೀಕ್ಷೆ ಆಯಿತು. ಹದಿನಾಲ್ಕು ಸಾಲು ಉಳಿಸಿ, ಇಪ್ಪತ್ತಾರು ಕೀಳಿ ಎಂದು ನಿಮಗೆ ಪಟ್ಟಿ ಓದಿ ಹೇಳಿದವಳೂ ನಾನೇ.

ಮೂರನೇ ತಾರೀಖಿನಂದು ಸುಚಿನ್ ವರದಿ ಬರೆಯುತ್ತಿದ್ದಳು. ಆ ನಾಲ್ಕು ದಾಖಲೆಗಳಿಗೆ ಮೂಲ ಯಾವುದು ಎಂದು ಹಾಕಬೇಕಿತ್ತು. ಒಂದು ಪಟ್ಟಿ ಇನ್ನೊಂದನ್ನು ನೋಡಿ ಬರೆದದ್ದು, ಅದು ಮತ್ತೊಂದನ್ನು ನೋಡಿ. ಹಿಂದೆ ಹಿಂದೆ ಹೋಗಿ ಕೊನೆಗೆ ನನ್ನ ಮೇಜಿಗೆ ಬಂದಳು. "ಅಕ್ಕಾ, ನಾಲ್ಕಕ್ಕೂ ಮೂಲ ಒಂದೇ. ಅಲ್ಲಿ ನಿಮ್ಮ ಹೆಸರೇ ಇದೆಯಲ್ಲ." ಹನ್ನೊಂದು ವರ್ಷದ ಕೆಳಗೆ ನಾನು ನವಣೆಯ ಪಟ್ಟಿ ಮಾಡುವಾಗ ಒಂದು ವಂಶವಾಹಿಯ ಮುಂದೆ "ಬಹುಶಃ ಕಾಳು ಉದುರುವಿಕೆ, ಪರೀಕ್ಷೆ ಆಗಬೇಕು" ಎಂದು ಬರೆದಿದ್ದೆ. ಭತ್ತದ ಒಂದು ವಂಶವಾಹಿಯ ಹೋಲಿಕೆ ಇತ್ತು, ಅದೂ ಅರೆಬರೆ. ಪರೀಕ್ಷೆ ಯಾರೂ ಮಾಡಲಿಲ್ಲ. ನಕಲು ಮಾಡಿಕೊಂಡವರು ಖಾನೆ ಚಿಕ್ಕದೆಂದು ಹಿಂದುಮುಂದಿನ ಮಾತು ಬಿಟ್ಟು "ಕಾಳು ಉದುರುವಿಕೆ" ಎಂದಷ್ಟೇ ಉಳಿಸಿಕೊಂಡರು. ನಾಲ್ಕು ಸಾಕ್ಷಿಗಳೆಂದು ನಾನು ನಂಬಿದ್ದ ನಾಲ್ವರೂ ನನ್ನ ಬಾಯಿಂದ ಕೇಳಿದವರೇ. ನನ್ನ ಊಹೆಯನ್ನು ಕಂಪ್ಯೂಟರ್ ನನಗೇ ತಿರುಗಿಸಿ ಕೊಟ್ಟಿತ್ತು, ನಾನು ಅದನ್ನು ಪುರಾವೆ ಎಂದುಕೊಂಡೆ.

ಇಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆನೇನೋ. ಅಂದು ಸಂಜೆ ಮನೆಗೆ ಬಂದು ನಿಮ್ಮ ಬೇಸಿಗೆಯ ಹೊಲದ ಪುಸ್ತಕ ತೆಗೆದೆ. ತಲೆಕೆಳಗಾಗಿ ಹಿಡಿದ ಕೊಡೆ, ಅದರ ಮೇಲೆ ಬಾಗಿಸಿದ ತೆನೆ, ಮೂರು ಸಲ ತಟ್ಟಿದ ಮೇಲೆ ಕೊಡೆಯೊಳಗೆ ಬಿದ್ದ ಕಾಳಿನ ಲೆಕ್ಕ, ಗಿಡಗಿಡಕ್ಕೂ ಬರೆದಿಟ್ಟಿದ್ದಿರಿ. ಆ ಕಪ್ಪು ಕೊಡೆಯನ್ನು ಮಳೆಗೆ ಕೊಡಿ ಎಂದು ಕೇಳಿದಾಗಲೆಲ್ಲ "ಅದು ಮಳೆಗಲ್ಲ" ಎನ್ನುತ್ತಿದ್ದಿರಿ. ನಾನು ಉಳಿಸಿ ಎಂದ ಒಂಬತ್ತನೇ ಸಾಲಿನ ತಾಯಿಗಿಡ ಕೊಡೆಗೆ ಬೀಳಿಸಿದ್ದು ಇನ್ನೂರ ಹನ್ನೆರಡು ಕಾಳು. ಕೀಳಿ ಎಂದ ಮೂವತ್ತೊಂದನೇ ಸಾಲಿನ ತಾಯಿಗಿಡ ಬೀಳಿಸಿದ್ದು ಏಳು. ಪಟ್ಟಿ ಓದುವಾಗ ಆ ಸಂಖ್ಯೆ ಬಂದಾಗ ನೀವು "ಮೂವತ್ತೊಂದೂನಾ?" ಎಂದಿರಿ. ನಾನು ಹೂಂ ಎಂದೆ. ನೀವು "ಸರಿ, ನೀನು ನೋಡಿದ್ದೀಯಲ್ಲ" ಎಂದಿರಿ. ನಿಮ್ಮ ಕೊಡೆಯನ್ನು ನಂಬದೆ ನನ್ನನ್ನು ನಂಬಿದಿರಿ. ಆ ಮಾತು ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಒಂದೇ ಗಿಡ, ಒಂದೇ ಬೇಸಿಗೆ, ಏಳು ಕಾಳು ಎಂಬುದು ಆಕಸ್ಮಿಕವೂ ಇರಬಹುದು. ಆದರೆ ಅದು ನೀವು ಕಣ್ಣಾರೆ ಕಂಡದ್ದು. ನನ್ನದು ಅಷ್ಟೂ ಅಲ್ಲ.

ನಿರ್ದೇಶಕ ಜಿಯಾ ಅವರಿಗೆ ಸೋಮವಾರ ಬೆಳಿಗ್ಗೆಯೇ ಹೇಳಿದೆ. ಬೈಯುತ್ತಾರೆಂದು ಕೊರಳಿನ ಶಾಲು ಕೂಡ ತೆಗೆಯದೆ ನಿಂತಿದ್ದೆ. ಪೂರ್ತಿ ಕೇಳಿ, ಚಹಾದ ಎಲೆ ಊದಿ ಪಕ್ಕಕ್ಕೆ ಸರಿಸಿ, "ತಪ್ಪು ಯಾರದು ಅಂತ ಹುಡುಕೋ ಕೆಲಸ ತಪ್ತಲ್ಲ, ಕೂತ್ಕೊಳ್ಳಿ" ಎಂದರು. ಆಮೇಲೆ "ಫಾನ್‌ಗೆ ಹೇಳಿದಿರಾ? ಅದು ನನಗಿಂತ ಕಷ್ಟ" ಎಂದರು. ಆ ವಂಶವಾಹಿಯ ಮುಂದೆ ಈಗ "ಕೆಲಸ ತಿಳಿದಿಲ್ಲ" ಎಂದಿದೆ. ನಾಲ್ಕು ಕಡೆಗೂ ಬರೆದು ತಿಳಿಸಿದ್ದೇನೆ, ಒಂದು ಕಡೆಯಿಂದ ಉತ್ತರ ಬಂದಿದೆ. ನನ್ನ ಹಳೆಯ ಪಟ್ಟಿಯಲ್ಲಿ ಹೀಗೆ "ಬಹುಶಃ" ಕಳೆದುಕೊಂಡವು ಇನ್ನೂ ನಲವತ್ತೊಂದು ಸಿಕ್ಕಿವೆ, ದಿನಕ್ಕೆ ಐದಾರರಂತೆ ಸರಿಮಾಡುತ್ತಿದ್ದೇನೆ. ಹೇಳಿಕೊಂಡ ಮೇಲೆ ಹೊಟ್ಟೆ ತುಂಬ ಊಟ ಸೇರುತ್ತಿದೆ. ನನ್ನ ಬಗ್ಗೆ ಚಿಂತೆ ಬೇಡ.

ಈಗ ಬಲೆಯ ವಿಷಯ. ನಲವತ್ತೂ ಸಾಲು ಕಾಳು ಕಟ್ಟುವವರೆಗೆ ಇರಬೇಕೆಂದರೆ ಇಪ್ಪತ್ತಾರು ಸಾಲಿಗೆ ಹೊದಿಕೆ ಬೇಕು, ಇಲ್ಲದಿದ್ದರೆ ಎಲ್ಲ ಗುಬ್ಬಿಯ ಪಾಲು. ಸಂಸ್ಥೆಯ ಉಗ್ರಾಣದಲ್ಲಿ ಎಂಟು ಸಾಲಿಗಾಗುವಷ್ಟು ಸಿಕ್ಕಿತು. ಉಳಿದದ್ದಕ್ಕೆ ನಮ್ಮ ಮನೆಯ ಮೂರು ಸೊಳ್ಳೆಪರದೆ, ಮೇಲಿನ ಮನೆಯವರ ಎರಡು, ಸುಚಿನ್ ತಾಯಿ ಕೊಟ್ಟ ನಾಲ್ಕು, ಎಲ್ಲ ಬಿಚ್ಚಿ ಉದ್ದಕ್ಕೆ ಹೊಲಿದು ಸುಚಿನ್ ಜೊತೆ ಕಳಿಸುತ್ತಿದ್ದೇನೆ. ಅತ್ತೆ ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟರು. "ನಿನ್ನ ಗಂಡನ ಬರಗಿಗೂ ಸೊಳ್ಳೆ ಕಚ್ಚುತ್ತಾ?" ಎಂದು ಒಂದೊಂದು ಸೂಜಿಗೂ ಒಂದು ಸಲ ಕೇಳಿದರು. ನೀಲಿ ಹೂವಿನದು ನಮ್ಮ ಮದುವೆಯದು, ಗುರುತು ಸಿಗುತ್ತದೆ. ಅದನ್ನು ಮೂವತ್ತೊಂದಕ್ಕೆ ಹಾಕಿ. ಸೊಳ್ಳೆಪರದೆಗಳೆಲ್ಲ ಸೇರಿ ಹದಿನೇಳು ಹದಿನೆಂಟು ಸಾಲಿಗೆ ಆಗಬೇಕು. ಸಾಲದೆ ಬಂದರೆ ಯಾವುದನ್ನು ಬಿಡಬೇಕೆಂದು ಈ ಸಲ ನಿಮ್ಮ ಪುಸ್ತಕ ನೋಡಿ ನೀವೇ ಹೇಳಿ. ನಾನು ಪಟ್ಟಿ ಕಳಿಸುವುದಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಎಳನೀರು ಜಾಸ್ತಿ ಕುಡಿದು ಶೀತ ಮಾಡಿಕೊಳ್ಳಬೇಡ ಎಂದಿದ್ದಾರೆ. ಜೋಳದವರಿಗೂ ಹತ್ತಿಯವರಿಗೂ ಅತ್ತಿಗೆಯ ನಮಸ್ಕಾರ ಹೇಳಿ. ಈ ಪತ್ರ ಮಾತ್ರ ಅವರಿಗೆ ಓದಿ ಹೇಳಬೇಡಿ.

ನಿಮ್ಮ
ಲಾನ್‌ಫೆನ್

ಮರೆತದ್ದಲ್ಲ, ಮೇಲೆ ಬರೆಯಲು ಸಂಕೋಚವಾಯಿತು. ಸುಚಿನ್ ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡು ಕರೆಯುತ್ತಿದ್ದಾಳೆ, ಬೇಗ ಮುಗಿಸುತ್ತೇನೆ. ಇಪ್ಪತ್ತೈದನೇ ತಾರೀಖಿಗೆ ಟಿಕೆಟ್ ತೆಗೆದಿದ್ದೇನೆ. ತಿಂಗಳ ಕೊನೆಯ ನಮ್ಮ ಹೊಸ ವರ್ಷದ ಹಬ್ಬಕ್ಕೆ ಅತ್ತೆ ನಿಮ್ಮ ತಂಗಿಯ ಮನೆಯಲ್ಲಿರುತ್ತಾರೆ, ನನ್ನನ್ನು ಕಳಿಸುತ್ತಿರುವವರೂ ಅವರೇ. ಇಪ್ಪತ್ತಾರು ಚಳಿಗಾಲ ನೀವು ಅಲ್ಲಿಗೆ ಹೋಗಿ ಬಂದಿರಿ, ನಾನು ಒಮ್ಮೆಯೂ ಬರಲಿಲ್ಲ. ಇಷ್ಟು ಸಾವಿರ ಹೆಸರು ಬರೆದವಳು ಹೊಲದಲ್ಲಿ ನಿಂತು ಒಂದು ಬರಗಿನ ತೆನೆಯನ್ನೂ ಮುಟ್ಟಿ ನೋಡಿಲ್ಲ. ಬೆಳ್ಳುಳ್ಳಿ ಅಷ್ಟರಲ್ಲಿ ಹಸಿರಾಗಿರುತ್ತದೆ, ಒಟ್ಟಿಗೆ ತೆಗೆಯೋಣ. ಕಾಳು ಮಾಗುವವರೆಗೆ ಇರುತ್ತೇನೆ. ಮೂವತ್ತೊಂದನೇ ಸಾಲಿಗೆ ಮೊದಲು ಹೋಗೋಣ. ತೆನೆ ನೀವು ತಟ್ಟಿ. ಕೊಡೆ ನಾನು ಹಿಡಿಯುತ್ತೇನೆ.